ಬಲಗಿವಿಯ ಗುರುತು

ಹೊಳೆವ್ವನ ಮನೆತನದ ಕುರಿಯನ್ನು ಬೀಳಗಿಯಿಂದ ರನ್ನ ಬೆಳಗಲಿಯವರೆಗೆ ಯಾರೂ ತಮ್ಮದೆಂದು ಹೊಡೆದುಕೊಂಡು ಹೋಗುವಂತಿರಲಿಲ್ಲ. ಬಲಗಿವಿಯ ತುದಿಯಲ್ಲಿ ಒಂದು ಸೀಳು, ಅದರ ಕೆಳಗೆ ಅರ್ಧಚಂದ್ರದಂಥ ಒಂದು ಕಚ್ಚು. ಅದು ಆ ಮನೆಯ ಗುರುತು. ಮರಿಯ ತಲೆಯನ್ನು ಮೊಣಕಾಲುಗಳ ನಡುವೆ ಇರುಕಿಕೊಂಡು, ಉಣ್ಣೆ ಕತ್ತರಿಯಿಂದ ಎರಡೇ ಕಡಿತಕ್ಕೆ ಕೆಲಸ ಮುಗಿಸಿ, ಗಾಯಕ್ಕೆ ಅರಿಸಿನ ಒತ್ತಿ ಬಿಡಬೇಕು. ಈ ಕೆಲಸಕ್ಕೆ ಮನೆಯಲ್ಲಿ ಹೊಳೆವ್ವನ ಕೈಯೇ ಆಗಬೇಕಿತ್ತು. ಅವಳ ತಮ್ಮ ಮಾಳಿಂಗರಾಯ ಗರಡಿಯಲ್ಲಿ ಹತ್ತು ಜನರನ್ನು ಮಣ್ಣುಮುಕ್ಕಿಸಿದವನಾದರೂ, "ಮರಿ ಒದರಿದ್ರ ನನ್ನ ಕೈ ನಡಗತೈತಿ, ಯಕ್ಕಾ" ಎಂದು ದೂರ ಸರಿಯುತ್ತಿದ್ದ.

ಆಲಮಟ್ಟಿಯ ಹಿನ್ನೀರು ಏರಿ ಊರು ಮುಳುಗಿದಾಗ ಕುರಿ ಮೇಯುವ ನೆಲವೂ ಮುಳುಗಿತು. ಹಿಂಡು ಕರಗಿತು. ಹೊಳೆವ್ವ ಸುಮ್ಮನೆ ಕೂಡುವ ಪೈಕಿಯವಳಲ್ಲ. ನೀರು ಬಂದು ನಿಂತ ದಂಡೆಯ ಮೇಲೆ, ಆಚೆ ದಡದ ದೋಣಿ ತಾಕುವ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು, ಮೇಲೊಂದು ಕಂಬಳಿ ಹೊದಿಸಿ, ಕೆಳಗೆ ಕಂಬಳಿ ಮಾರಲು ಕೂತಳು. ನೆಲ ಊರಿನ ಧಣಿ ಬಾಳಾಸಾಹೇಬರದು. ಅವರು ಮೋಟಾರ್‌ಸೈಕಲ್ ನಿಲ್ಲಿಸಿ ನಕ್ಕರು.

"ಕೂಡ ಬೇ, ಕೂಡ. ಹೊಳಿಯೊಳಗಿನ ಕಪ್ಪಿ ಬಂದು ಕಂಬಳಿ ಕೊಂಡಾವೇನ ನೋಡೂನು."

ಕಪ್ಪೆಗಳು ಬರಲಿಲ್ಲ, ಮಂದಿ ಬಂದರು. ದೋಣಿ ಇಳಿದವರಿಗೆ ಚಹಾ ಬೇಕಾಯಿತು. ಚಹಾದ ಪಕ್ಕ ಮೀನು, ಬಳೆ, ಬೀಜ-ಗೊಬ್ಬರ, ಸೀರೆ, ಕೊನೆಗೆ ಮೊಬೈಲ್ ಅಂಗಡಿ. ಗಳ ಹೋಗಿ ತಗಡು, ತಗಡು ಹೋಗಿ ಸಿಮೆಂಟು. ಸಮುದ್ರ ಕಾಣದ ಮಹಾಲಿಂಗಪುರ, ಬನಹಟ್ಟಿಯ ಮಂದಿ ಆ ನೀರನ್ನೇ ಸಮುದ್ರವೆಂದು ಭಾವಿಸಿ, ರವಿವಾರ ಮಕ್ಕಳನ್ನು ಕಟ್ಟಿಕೊಂಡು ಬರತೊಡಗಿದರು. ಹನ್ನೆರಡು ವರ್ಷಗಳಲ್ಲಿ ಅದು ಇಡೀ ತಾಲೂಕಿಗೇ ದೊಡ್ಡ ಪೇಟೆಯಾಯಿತು. ಅದರ ಮೊದಲ ಮೂಲೆ ಹೊಳೆವ್ವನದೇ ಉಳಿಯಿತು. ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲ. ಬಾಗಿಲ ಚೌಕಟ್ಟಿನ ಮೇಲೆ ಹೆಸರಿನ ಬದಲು ಕುರಿಯ ಕಿವಿ, ಸೀಳು, ಕಚ್ಚು ಬರೆಸಿದ್ದಳು. ಓದಲು ಬಾರದ ಕುರಿಗಾರರೂ ನೇರ ಅಲ್ಲಿಗೇ ಬರುತ್ತಿದ್ದರು.

ಹಾಗಿರುವಾಗ ಬಾಳಾಸಾಹೇಬರು ಪೇಟೆಯನ್ನೆಲ್ಲ ಕೆಡವಿ ಮೂರು ಅಂತಸ್ತಿನ ಹೊಸ ಕಟ್ಟಡ ಕಟ್ಟುವುದಾಗಿ ಸಾರಿದರು. ಅದಕ್ಕೆ ಲಿಫ್ಟು, ಎದುರಿಗೆ ಬೋಟಿಂಗು. ಹಳೆಯ ಅಂಗಡಿಕಾರರಿಗೆ ಕೆಳ ಅಂತಸ್ತಿನಲ್ಲಿ ಅವರವರ ಜಾಗ ಅವರವರಿಗೇ ಎಂಬ ಮಾತು ಕೊಟ್ಟರು.

"ಕಾಗದದ ಮ್ಯಾಲೆ ಬರಸಿಕೊಳ್ಳೂನಲ್ಲ?" ಎಂದ ಬೀಜದಂಗಡಿಯ ಪಾಂಡಪ್ಪ.

ಬೀರೇಶ್ವರನ ಪೂಜಾರಿ ಕಾಮಣ್ಣಜ್ಜ ಸಿಟ್ಟಾದ. "ಭಂಡಾರಕ್ಕಿಂತ ದೊಡ್ಡ ಕಾಗದ ಯಾವುದಲೇ, ಮಗನ?"

ಗುಡಿಯಲ್ಲಿ ಆಣೆಯಾಯಿತು. ದೇವರ ಅರಿಸಿನವಾದ ಭಂಡಾರವನ್ನು ಅಂಗೈಯಲ್ಲಿ ಹಿಡಿದು ಆಡಿದ ಮಾತನ್ನು ಆ ಮಂದಿಯಲ್ಲಿ ಮುರಿದವರಿಲ್ಲ. ಜಾಗ ತಪ್ಪಿಸುವುದಿಲ್ಲವೆಂದು ಬಾಳಾಸಾಹೇಬರು ಹಿಡಿದರು. ಸಾಹೇಬರ ಮಂದಿಯ ಮೇಲೆ, ಅಂಗಡಿ ಕೆಡವುವ ಯಂತ್ರದ ಮೇಲೆ ಕೈ ಎತ್ತುವುದಿಲ್ಲವೆಂದು ಅಂಗಡಿಕಾರರು ಒಬ್ಬೊಬ್ಬರಾಗಿ ಹಿಡಿದರು. ಹೊಳೆವ್ವನೂ ಅಂಗೈ ಚಾಚಿದಳು. ಕಾಮಣ್ಣಜ್ಜ ಬಟ್ಟಲನ್ನು ಹಿಂದಕ್ಕೆಳೆದುಕೊಂಡ.

"ಹೆಂಗಸರು ಆಣಿ ಹಿಡಿಯೂ ಪದ್ಧತಿ ಇಲ್ಲವ್ವಾ. ನಿಮ್ಮ ಮನಿಂದು ಮಾಳಿಂಗ್ಯಾ ಹಿಡಿತಾನ."

ಅವಳು ಬರಿಗೈಯನ್ನು ಸೆರಗಿಗೆ ಒರೆಸಿಕೊಂಡಳು. ಬಾಳಾಸಾಹೇಬರ ಮನೆಯಲ್ಲಿ ಅರಿಸಿನಕ್ಕೆ ಇರುವ ಜಾಗ ಅಡುಗೆಮನೆಯಷ್ಟೇ, ದೇವರಮನೆಯಲ್ಲ ಎಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಅಂಗಡಿಗಳು ಖಾಲಿಯಾದವು, ಯಂತ್ರ ಒಂದೊಂದೇ ಸಾಲನ್ನು ನೆಲಸಮ ಮಾಡುತ್ತ ಬಂತು. ಕೊನೆಗೆ ಉಳಿದದ್ದು ನೀರಿನ ಬದಿಯ ಮೂಲೆ. ಅಂದು ಮುಂಜಾನೆ ಬಾಳಾಸಾಹೇಬರು ಅದರೆದುರು ಕುರ್ಚಿ ಹಾಕಿಸಿಕೊಂಡು, ಚಹಾ ಕುಡಿಯುತ್ತ ಹೇಳಿದರು: ಕೆಳ ಅಂತಸ್ತು ಪೂರ್ತಿ ಅಳಿಯನಿಗೆ, ಈ ಮೂಲೆಯಲ್ಲಿ ಅವನ ಬಟ್ಟೆಯ ಶೋರೂಮು, ಹಳಬರಿಗೆ ಸುಡುಗಾಡಿನ ದಾರಿಯಲ್ಲಿ ತಗಡಿನ ಶೆಡ್ಡು.

"ಸಾಹೇಬ್ರ, ಭಂಡಾರ ಹಿಡದೀರಿ!" ಎಂದ ಮಾಳಿಂಗರಾಯ.

"ಹಿಡದೆ, ಮನಿಗೆ ಹೋಗಿ ಕೈ ತೊಳಕೊಂಡೆ. ಆತಿಲ್ಲ?"

ಅವರ ಹಿಂದೆ ಕಬ್ಬಿಣದ ಸಲಾಕೆ ಹಿಡಿದು ನಿಂತಿದ್ದ ಬಾಡಿಗೆ ಹುಡುಗರು ಹೋ ಎಂದು ನಕ್ಕರು. ಅಂಗಡಿಕಾರರು ಯಂತ್ರಕ್ಕೆ ಅಡ್ಡ ಸಾಲುಗಟ್ಟಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಸಾಹೇಬರು ಹುಡುಗರತ್ತ ನೋಡಿ ಗದ್ದ ಎತ್ತಿದರು.

ಮೊದಲ ಸಲಾಕೆ ಪಾಂಡಪ್ಪನ ಮೊಣಕಾಲಿಗೆ ಬಿತ್ತು. ಒಣ ಟೊಂಗೆ ಮುರಿದಂತೆ ಸದ್ದಾಯಿತು. ಸಾಲಿನಲ್ಲಿ ಸೇರಿಕೊಂಡಿದ್ದ ಕಾಮಣ್ಣಜ್ಜನ ರುಮಾಲು ಒಂದು ಕಡೆ ಬಿತ್ತು, ಅವನೊಂದು ಕಡೆ ಬಿದ್ದ. ನಾಲ್ವರು ಮಾಳಿಂಗರಾಯನನ್ನು ಸುತ್ತುಗಟ್ಟಿದರು. ಒಂದೇ ಕೈಯಲ್ಲಿ ಇಬ್ಬರನ್ನು ಎತ್ತಿ ನೀರಿಗೆಸೆಯಬಲ್ಲವನು ಬೆನ್ನ ಹಿಂದಿನ ಕೈಯನ್ನು ಬಿಡಿಸಲೇ ಇಲ್ಲ. ಬೆನ್ನಿಗೆ ಬಿತ್ತು, ನಿಂತ. ಹೊಟ್ಟೆಗೆ ಬಿತ್ತು, ಬಗ್ಗಿ ಮತ್ತೆ ನೆಟ್ಟಗಾದ.

"ಹೊಡಿಯೋ! ಕೈ ಇಲ್ಲೇನೋ ನಿನಗ? ಹೊಡಿ!" ಹೊಳೆವ್ವ ಕಿರುಚಿದಳು.

"ಆಣಿ ಐತೆಕ್ಕಾ" ಎಂದ. ಅವನು ಸ್ಪಷ್ಟವಾಗಿ ಆಡಿದ ಕೊನೆಯ ಮಾತು ಅದು. ಮುಂದಿನ ಸಲಾಕೆ ದವಡೆಗೆ ತಾಗಿ, ಮುಖದ ಕೆಳಭಾಗವೇ ಪಕ್ಕಕ್ಕೆ ಸರಿಯಿತು. ಹಲ್ಲುಗಳು ರಕ್ತದೊಡನೆ ಎದೆಯ ಮೇಲೆ ಇಳಿದವು. ಬಿದ್ದ ಮೇಲೂ ಕೈ ಬೆನ್ನ ಕೆಳಗೇ ಇತ್ತು. ಸೊಂಟದ ಭಂಡಾರದ ಚೀಲ ಒಡೆದು, ಹಳದಿ ಪುಡಿ ಕೆಂಪಿನಲ್ಲಿ ಬೆರೆಯಿತು.

ಹೊಳೆವ್ವ ತನ್ನ ಅಂಗೈ ನೋಡಿಕೊಂಡಳು. ಅಲ್ಲಿ ಯಾವ ಆಣೆಯೂ ಇರಲಿಲ್ಲ. ಇಷ್ಟು ಮಂದಿಯಲ್ಲಿ ದೇವರು ಕಟ್ಟದೆ ಬಿಟ್ಟ ಕೈ ತನ್ನದೊಂದೇ ಎಂಬುದು ಅವಳಿಗೆ ಆಗ ಅರಿವಾಯಿತು.

ಅಂಗಡಿಯಿಂದ ಹೊರಗೆ ತಂದಿಟ್ಟಿದ್ದ ಗಂಟು ಬಿಚ್ಚಿ ಉಣ್ಣೆ ಕತ್ತರಿ ತೆಗೆದಳು. ತಮ್ಮನ ಸೊಂಟದಿಂದ ಒಂದು ಹಿಡಿ ಭಂಡಾರ ಬಾಚಿಕೊಂಡಳು. ಹುಡುಗರ ಕಣ್ಣು ಗಂಡಸರ ಮೇಲಿತ್ತು. ಹೆಂಗಸೊಬ್ಬಳು ಕುರ್ಚಿಯ ಹಿಂದೆ ಹೋದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕುರ್ಚಿಯನ್ನು ಹಿಂದಕ್ಕೆ ಜಗ್ಗಿ ಕೆಡವಿದಳು. ಬಿಸಿ ಚಹಾ ಚೆಲ್ಲಿಕೊಂಡು ಬಾಳಾಸಾಹೇಬರು ಅಂಗಾತ ಬಿದ್ದರು. ಅವರ ತಲೆಯನ್ನು ಮೊಣಕಾಲುಗಳ ನಡುವೆ ಇರುಕಿ ಒತ್ತಿದಳು. ಜನ್ಮವೆಲ್ಲ ಕುರಿ ಹಿಡಿದ ಕಾಲುಗಳು, ಅಲ್ಲಿಂದ ಕೊಸರಿಕೊಂಡವರಿಲ್ಲ.

"ಮೂಲಿ ತಗೋ ಬೇ! ಮೂಲಿ ನಿನಗ! ಬೀರೇಶ್ವರನಾಣಿ!" ಅವರು ಅರಚಿದರು.

"ಆಣಿ ಬ್ಯಾಡ್ರಿ, ಸಾಹೇಬ್ರ. ಆಣಿ ನೋಡಿದ್ವಿ."

ಬಲಗಿವಿ ಎಳೆದಳು. ತುದಿಗೆ ಒಂದು ಸೀಳು. ಅವರು ಒದರಿದ ಬಗೆ ಮರಿಯದಕ್ಕಿಂತ ಬೇರೆಯಾಗಿರಲಿಲ್ಲ; ಅವಳ ಕೈ ನಡುಗಲಿಲ್ಲ. ಕೆಳಗೆ ಅರ್ಧಚಂದ್ರದ ಕಚ್ಚು. ಆ ತುಣುಕು ಅವಳ ಮಣಿಕಟ್ಟಿಗೆ ಅಂಟಿಕೊಂಡಿತು. ಹಿಡಿಯಲ್ಲಿದ್ದ ಭಂಡಾರವನ್ನು ಗಾಯಕ್ಕೆ ಒತ್ತಿ ತಿಕ್ಕಿದಳು.

"ಈಗ ಹಿಡೀರಿ ಭಂಡಾರ. ತೊಳಕೋರಿ, ಎಲ್ಲಿ ತೊಳಕೊಂತೀರಿ ನೋಡೂನು."

ಆಮೇಲೆ ಹುಡುಗರು ಅವಳನ್ನು ಬಡಿದ ಬಡಿತಕ್ಕೆ ಎರಡು ಪಕ್ಕೆಲುಬು ಮುರಿದವು. ಅವಳು ಮೂಲೆ ಬಿಟ್ಟದ್ದು ಪೊಲೀಸ್ ಜೀಪಿನಲ್ಲೇ.

ಶಿಕ್ಷೆ ಮುಗಿಸಿ ಅವಳು ಮರಳುವಷ್ಟರಲ್ಲಿ ಕಟ್ಟಡ ಮೇಲೆದ್ದು ಗಾಜಿನಲ್ಲಿ ಹೊಳೆಯುತ್ತಿತ್ತು. ಹಳಬರೆಲ್ಲ ಸುಡುಗಾಡಿನ ದಾರಿಯ ಶೆಡ್ಡುಗಳಲ್ಲಿದ್ದರು. ಮೂಲೆಯ ಶೋರೂಮು ಮಾತ್ರ ಒಂದು ಹಬ್ಬವನ್ನೂ ಪೂರ್ತಿ ಕಾಣದೆ ಮುಚ್ಚಿತ್ತು. ಮುಧೋಳ, ಜಮಖಂಡಿ ಸೀಮೆಯ ಕುರಿಗಾರರೆಲ್ಲ ಬಂದು, ಏನೂ ಕೊಳ್ಳದೆ, ಅಲ್ಲಿ ಕೂತಿರುತ್ತಿದ್ದ ಬಾಳಾಸಾಹೇಬರ ಕಿವಿ ನೋಡಿ, "ಇದು ಹೊಳೆವ್ವನ ಹಿಂಡಿನದಲ್ಲೋ? ಹಾದಿ ತಪ್ಪಿ ಇಲ್ಲಿಗೆ ಹೆಂಗ ಬಂತೋ?" ಎಂದು ಕೇಳಿ, ಕುರಿ ಕರೆಯುವಂತೆ ತುಟಿ ಬಡಿದು ಹೋಗುತ್ತಿದ್ದರು. ಅಳಿಯ ನಾಚಿಕೆ ತಾಳಲಾರದೆ ಊರು ಬಿಟ್ಟಿದ್ದ. ಆ ಜಾಗ ಹಿಡಿಯಲು ಮತ್ತೊಬ್ಬರು ಬಂದಿರಲಿಲ್ಲ.

ಹೊಳೆವ್ವ ನಡುಹಗಲಲ್ಲಿ ಕಲ್ಲೊಂದನ್ನು ಎತ್ತಿ ಆ ಶಟರಿನ ಕೀಲಿ ಒಡೆದಳು. ಸದ್ದಿಗೆ ಬಾಳಾಸಾಹೇಬರ ಹುಡುಗರು ಸಲಾಕೆ ಹಿಡಿದು ಓಡಿ ಬಂದು, ಧಣಿಯ ಸನ್ನೆಗಾಗಿ ತಿರುಗಿ ನೋಡಿದರು. ಧಣಿ ಮೆಟ್ಟಿಲ ಮೇಲೆ ನಿಂತಿದ್ದರು. ಹೊಳೆವ್ವ ಸೊಂಟದಿಂದ ಹೊಸದೊಂದು ಉಣ್ಣೆ ಕತ್ತರಿ ತೆಗೆದು ಹೊಸ್ತಿಲ ಮೇಲಿಟ್ಟಳು. ಸಾಹೇಬರ ಕೈ ತಾನಾಗಿಯೇ ಬಲಗಿವಿಗೆ ಹೋಯಿತು. ರುಮಾಲನ್ನು ಕೆಳಕ್ಕೆ ಜಗ್ಗಿಕೊಂಡು ಅವರು ಒಳಗೆ ನಡೆದರು.

ಅವಳ ಹಿಂದೆಯೇ ಬಂದಿದ್ದ ಮಾಳಿಂಗರಾಯ ಕಂಬಳಿಯ ಹೊರೆ ಇಳಿಸಿದ. ಸೊಟ್ಟಗೆ ಕೂಡಿದ ದವಡೆಯಿಂದ ಏನೋ ಕೇಳಿದ. ಮೂರನೆಯ ಸಲಕ್ಕೆ ಅವಳಿಗೆ ತಿಳಿಯಿತು. ಚೌಕಟ್ಟಿನ ಮೇಲೆ ಗುರುತು ಬರೆಸಲೇನು ಎಂದು ಕೇಳುತ್ತಿದ್ದ.

ಹೊಳೆವ್ವ ಅವನ ಬಾಯಂಚಿನ ಜೊಲ್ಲನ್ನು ಸೆರಗಿನಿಂದ ಒರೆಸಿದಳು.

"ಬ್ಯಾಡ ಬಿಡೋ. ದಿನಾ ಕಣ್ಮುಂದ ಅಡ್ಡಾಡತೈತಲ್ಲ."