ಇಬ್ಬರಿಗೇ ಗೊತ್ತಿದ್ದ ಹೆಸರು

ಅಂಗಡಿಗೊಂದು ಹೆಸರು ಹುಡುಕುವಷ್ಟರಲ್ಲಿ ಅಕ್ಕ-ತಂಗಿಗೆ ಸಾಕುಬೇಕಾಗಿತ್ತು. ಇಬ್ಬರೂ ನಾಟಕದವರಿಗೆ ವಿಗ್ ಮಾಡಿಕೊಡುವವರು. ಬಲೆಗೆ ಒಂದೊಂದೇ ಕೂದಲು ಗಂಟು ಹಾಕಿ ಹಾಕಿ ಕಣ್ಣು ಸೋತಿದ್ದವು. ಇನ್ನು ಪರರ ಹಂಗು ಬೇಡ, ಇಂಟರ್ನೆಟ್ಟಿನಲ್ಲಿ ಸ್ವಂತ ಅಂಗಡಿ ಎಂದು ತೀರ್ಮಾನಿಸಿದ್ದರು. ಕೊನೆಗೂ ಹೆಸರು ಹೊಳೆದಾಗ ತಂಗಿ ಕುಣಿದಾಡಿದಳು. ವೆಬ್‌ಸೈಟಿನ ಹೆಸರು ಮಾರುವ ಕಂಪನಿಯೊಂದರ ಪುಟ ತೆರೆದು ಅಕ್ಕ ಅದನ್ನು ಟೈಪ್ ಮಾಡಿದಳು. ಸಿಗುತ್ತದೆ ಎಂದು ಬಂತು.

"ನಾಳೆ ತಗೊಂಡ್ರಾಯ್ತು ಬಿಡು," ಎಂದಳು ಅಕ್ಕ.

ಮರುದಿನ ನೋಡಿದರೆ ಹೆಸರು ಇನ್ಯಾರದೋ ಪಾಲಾಗಿತ್ತು! ಆ ಹೆಸರಿನ ಪುಟದ ತುಂಬ ಯಾರ್ಯಾರದೋ ವಿಗ್ಗಿನ ಜಾಹೀರಾತು. ಲೋಕದಲ್ಲಿ ಇಬ್ಬರಿಗೇ ಗೊತ್ತಿದ್ದ ಹೆಸರದು. ಸಿಟ್ಟು ನೆತ್ತಿಗೇರಿದಾಗ ಅಕ್ಕ ಹಿಂದೆ ಮುಂದೆ ನೋಡುವವಳೇ ಅಲ್ಲ.

"ಯಾರಿಗೆ ಮಾರ್ಕೊಂಡೆ?"

"ಅಕ್ಕಾ, ನನ್ ಮೇಲೇನಾ ಅನುಮಾನ?"

"ನಾನಂತೂ ಬಾಯಿ ಬಿಟ್ಟಿಲ್ಲ. ಇನ್ನುಳಿದೋಳು ನೀನೇ ಅಲ್ವಾ?"

ತಂಗಿ ಅಳಲಿಲ್ಲ. ಸೂಜಿ ಡಬ್ಬಿ ಎತ್ತಿಕೊಂಡು ಎದ್ದು ಹೋದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಅಕ್ಕನೂ ಹಟ ಬಿಡಲಿಲ್ಲ. ದಿನಾ ಬೆಳಿಗ್ಗೆ ಮುಖ ತೊಳೆದವಳೇ ಆ ಪುಟ ತೆರೆಯುವಳು. ತಂಗಿಯ ಮನಸ್ಸು ಕರಗಿ ಇವತ್ತಾದರೂ ಕೊಂಡವರಿಂದ ಹೆಸರು ಬಿಡಿಸಿರಬಹುದು ಎಂಬ ಆಸೆ. ತಿಂಗಳುಗಳೇ ಕಳೆದವು. ಕಡೆಗೆ ಒಂದು ಸಂಜೆ ತಡೆಯಲಾರದೆ ಆ ಪುಟದ ಮೂಲೆಯಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ಎತ್ತಿದವನದು ಬೆಣ್ಣೆಯಂಥ ಮಾತು.

"ನಿಮಗೆ ಈ ಹೆಸರು ಹೇಳಿದ್ದು ಯಾರು?"

"ಯಾರೂ ಇಲ್ಲ ಮೇಡಂ. ನಮ್ಮ ಸೈಟಲ್ಲಿ ಯಾರಾದ್ರೂ ಒಂದು ಹೆಸರು ಸಿಗುತ್ತಾ ಅಂತ ಹುಡುಕಿದ್ರೆ, ನಮ್ಮ ಕಂಪ್ಯೂಟರೇ ಅದನ್ನ ತಗೊಂಬಿಡುತ್ತೆ. ಐದು ದಿನದೊಳಗೆ ವಾಪಸ್ ಮಾಡಿದ್ರೆ ದುಡ್ಡೆಲ್ಲ ವಾಪಸ್. ವಾಪಸ್ ಮಾಡ್ತೀವಿ, ತಕ್ಷಣ ಮತ್ತೆ ತಗೋತೀವಿ. ನಯಾಪೈಸೆ ಖರ್ಚಿಲ್ಲ."

ಇದೆಯಾ ಎಂದು ಕೇಳಿದ್ದಕ್ಕೇ ಕಿತ್ತುಕೊಳ್ಳುವ ಅಂಗಡಿಯೂ ಇರುತ್ತದೆಯೇ? ಅವತ್ತು ಇದೇ ಕಂಪನಿಯ ಪುಟದಲ್ಲಿ ಟೈಪ್ ಮಾಡಿ ಕೇಳಿದವಳು ತಾನೇ. ಮನೆಯ ಗುಟ್ಟನ್ನು ಕಳ್ಳನ ಕೈಗಿಟ್ಟವಳೂ ತಾನೇ.

"ಮತ್ತೆ ಇಷ್ಟು ದಿನ ಯಾಕೆ ಇಟ್ಕೊಂಡಿದೀರಿ?"

"ಪುಟ ನೋಡೋರಿದ್ರೆ ನಮಗೆ ಜಾಹೀರಾತಿನ ದುಡ್ಡು ಬರುತ್ತೆ. ಯಾರೂ ನೋಡದೇ ಇದ್ದಿದ್ರೆ ಅವತ್ತೇ ಬಿಟ್ಟುಬಿಡ್ತಿದ್ವಿ. ಇದಕ್ಕೆ ಖಾಯಂ ಗಿರಾಕಿ ಇದಾರಲ್ಲ! ಇಬ್ರೇ, ಆದ್ರೆ ಒಂದು ದಿನಾನೂ ತಪ್ಪಿಸಲ್ಲ. ಬೆಳಿಗ್ಗೆ ಒಬ್ರು, ಮಧ್ಯಾಹ್ನ ಒಬ್ರು."

ಬೆಳಿಗ್ಗೆಯದು ತಾನು. ಮಧ್ಯಾಹ್ನದ್ದು ಯಾರೆಂದು ಯಾರೂ ಹೇಳಬೇಕಿರಲಿಲ್ಲ. ಕಳ್ಳನನ್ನು ಹಿಡಿದು ತೋರಿಸಿಯೇ ಅಕ್ಕನ ಮನೆಗೆ ಬರಬೇಕೆಂದು, ಆ ಪೆದ್ದಿ ಅಲ್ಲಿ ಕೂತು ದಿನಾ ಅದೇ ಪುಟ ಕಾಯುತ್ತಿದ್ದಾಳೆ.

"ಹೆಸರು ಬೇಕಾ ಮೇಡಂ? ರೇಟಲ್ಲಿ ನೋಡಿ ಮಾಡೋಣ."

"ಇವತ್ತು ಮಧ್ಯಾಹ್ನಾನೂ ನೋಡಿದ್ಲಾ ಅವಳು?" ಎಂದು ಕೇಳಿದಳು ಅಕ್ಕ.