ಒಳಗುಹೊರಗಾದ ತೋಳು

ಬಲ್ಲವರ ಕಣ್ಣಲ್ಲಿ ಅಕ್ಷರವಾಗಿಯೂ ಅಕ್ಷರವಿಲ್ಲದವರ ನಾಲಗೆಯಲ್ಲಿ ನುಡಿಯಾಗಿಯೂ ನೆಲಸಿರುವ ತಾಯೇ, ನೆನಪನ್ನು ಕೊಡುವವಳೂ ಹಿಂದಕ್ಕೆ ಪಡೆಯುವವಳೂ ನೀನೇ; ಈ ಕಥೆ ಮುಗಿಯುವವರೆಗೆ ಬಳಿಯಲ್ಲಿರು, ಸೇಡಿನ ಮಾತೂ ಸುಳ್ಳಾಗದಂತೆ ಆಡಿಸು.

ಕಿವಿಯ ಹಿಂದೆ ಒಣಗಿದ ಸಾಬೂನಿನ ನೊರೆ, ಮುಖಕ್ಷೌರ ಅರ್ಧಕ್ಕೇ ಮರೆತುಹೋದ ಗುರುತು, ಮರೆವಿನ ಪರೀಕ್ಷೆ ನಡೆಸುವ ಅವಳ ಕಣ್ಣಿಗೆ ಮೊದಲು ಬಿದ್ದದ್ದು ಅದು, ಮುಖ ಆಮೇಲೆ — ಮುಖವನ್ನು ಹೊಸದಾಗಿ ನೋಡುವುದೇನಿದೆ, ಇಷ್ಟು ವರ್ಷ ಕಣ್ಣು ಮುಚ್ಚಿದಾಗಲೆಲ್ಲ ಎದುರು ಬಂದು ನಿಂತ ಮುಖ, ದೊಡ್ಡ ಡಾಕ್ಟರು, ಈಗ ಮೇಜಿನ ಆಚೆ, ರೋಗಿಯ ಕುರ್ಚಿಯಲ್ಲಿ, ಪಕ್ಕದಲ್ಲಿ ಕೈಚೀಲವನ್ನು ಮಡಿಲಲ್ಲಿ ಅಪ್ಪಿ ಕುಳಿತ ಹೆಂಡತಿ, ಮೊನ್ನೆ ಮೊಮ್ಮಗಳನ್ನ ಶಾಲೆಯಿಂದ ಕರ್ಕೊಂಡು ಬರ್ತೀನಿ ಅಂತ ಹೋದವರು ಬರಿಗೈಲಿ ಬಂದ್ರು ತಾಯಿ, ಮಗು ಎಲ್ಲಿ ಅಂದ್ರೆ ಯಾವ ಮಗು ಅಂದ್ರು, ಆಮೇಲೆ ತಮಾಷೆಗಂದೆ ಅಂದ್ರು, ಅವಳನ್ನ ಇವರ ಜೊತೆ ಕಳಿಸಬಹುದೋ ಬೇಡವೋ, ಅದೊಂದು ಹೇಳಿಬಿಡು. ಡಾಕ್ಟರು ಕೈ ಬೀಸಿ ನಕ್ಕರು, ಇವಳಿಗೆ ತನ್ನ ನೆರಳು ಕಂಡ್ರೂ ಭಯ, ಬೇಗ ಮುಗಿಸಮ್ಮ, ಊರಿಗೆಲ್ಲ ಈ ಪರೀಕ್ಷೆ ಮಾಡಿದವನು ನಾನು. ಊರಿಗೆಲ್ಲ, ಹೌದು, ಅವಳ ಅಮ್ಮನಿಗೂ — ಜ್ವರದಿಂದೆದ್ದ ವಾರ ಒಲೆಯ ಮೇಲಿನ ಹಾಲು ಮರೆತಳೆಂದು ಅಣ್ಣ ಇವರಲ್ಲಿಗೆ ಕರೆತಂದಿದ್ದ, ಶಾಲೆಯ ಹೊಸ್ತಿಲು ತುಳಿಯದವಳ ಕೈಗೆ ಪೆನ್ಸಿಲು ಬಂತು, ಅದನ್ನವಳು ಸೌಟಿನಂತೆ ಮುಷ್ಟಿಯಲ್ಲಿ ಹಿಡಿದಳು, ಒಂದರೊಳಗೊಂದು ಹೊಕ್ಕ ಐದು ಮೂಲೆಯ ಆಕೃತಿಗಳನ್ನು ಬರೆ, ನೂರರಿಂದ ಏಳೇಳು ಕಳೆ, ಈ ಹೆಸರನ್ನು ಹಿಂದಿನಿಂದ ಹೇಳು, ಮುಂದಿನಿಂದ ಕೂಗಿದ್ರೇ ಮನೇಲಿ ಯಾರೂ ಓಗೊಡಲ್ಲ, ಹಿಂದಿನಿಂದ ಕೂಗಿದ್ರೆ ಬರ್ತಾರೇನಪ್ಪಾ ಎಂದು ಅಮ್ಮ ನಕ್ಕಳು, ಆ ನಗೆಗೂ ಸೊನ್ನೆ. ಓದಿದವರು ಓದಿದವರಿಗಾಗಿ ಇನ್ನಾವುದೋ ನುಡಿಯಲ್ಲಿ ಹೆಣೆದ ಪ್ರಶ್ನೆಗಳು, ಪದಕ್ಕೆ ಪದವಿಟ್ಟು ಈ ನುಡಿಗೆ ಹೊತ್ತು ತಂದಂಥವು, ಅದನ್ನು ಅಂದು ಹೇಳುವವರು ಯಾರು, ಇವರು ಕೈ ತೊಳೆಯುತ್ತ, ಬೆನ್ನು ತಿರುಗಿಸಿಯೇ, ಬುದ್ಧಿ ಜಾರುತ್ತಿದೆ, ಮಗುವನ್ನು ಇವರ ಕೈಗೆ ಕೊಡಬೇಡಿ ಎಂದರು, ಅತ್ತಿಗೆ ಅಂದೇ ತೊಟ್ಟಿಲನ್ನು ಒಳಕೋಣೆಗೆ ಸಾಗಿಸಿದಳು, ಬಾಗಿಲಲ್ಲಿ ನಿಂತ ಅಮ್ಮ, ಬರಿದಾದ ತೋಳು, ನಾನೇನು ತಪ್ಪು ಮಾಡ್ದೆ, ನಿನಗಾದ್ರೂ ನೆನಪಿದ್ರೆ ಹೇಳೇ. ಕೊನೆಯುಸಿರಿನವರೆಗೂ ಎಲ್ಲರನ್ನೂ ಹೆಸರು ಹಿಡಿದು ಕರೆದಳು, ಕೂಸನ್ನು ಎತ್ತಿಕೊಳ್ಳಲು ಮಾತ್ರ ಅವಳನ್ನು ಯಾರೂ ಬಿಡಲಿಲ್ಲ.

ಆ ಕೋಪವನ್ನೇ ಅಗ್ನಿಹೋತ್ರದ ಕೆಂಡದಂತೆ ಆರಗೊಡದೆ ಅವಳು ಈ ವಿದ್ಯೆ ಕಲಿತಳು, ಪೆನ್ಸಿಲು ಬೇಡದ ಪರೀಕ್ಷೆ ಕಟ್ಟಿದಳು, ಮೊದಲು ಮನೆಯವರನ್ನು ಕೇಳಬೇಕು, ಈ ಕೈ ಬಾಳಿನಲ್ಲಿ ಏನೇನು ಮಾಡಿದೆ, ಮಾಡದ ಕೆಲಸವನ್ನು ಅದರಿಂದ ಕೇಳಕೂಡದು, ಇದು ಅವಳೇ ವಿಧಿಸಿದ ನಿಯಮ, ಶಿಷ್ಯರ ಬಾಯಲ್ಲಿ ಹೇಳಿಸಿದ ನಿಯಮ. ಇಂದು ಮೊದಲು ಇವರದೇ ಹಳೆಯ ಪರೀಕ್ಷೆ ಇಟ್ಟಳು, ಕೇಳುವ ಮೊದಲೇ ಉತ್ತರ, ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು, ಆಕೃತಿಗಳು ಅಚ್ಚು ಹೊಡೆದಂತೆ, ಅರ್ಥ ತೊರೆದು ಹೋದ ಮೇಲೂ ನಾಲಗೆ ಪಠಿಸುತ್ತಲೇ ಇರುವ ಸ್ತೋತ್ರದ ಹಾಗೆ, ಪೂರ್ತಿ ಅಂಕ, ಹೆಂಡತಿಯ ಬಿಗಿದ ಭುಜ ಸಡಿಲಿತು, ಅವರು ಗೆದ್ದ ನಗೆಯಲ್ಲಿ, ನಿನ್ನ ಹೆಸರೇನಂದೆಯಮ್ಮ, ಮತ್ತೆ ಅದೇ ಪ್ರಶ್ನೆ, ಆಗಲೇ ಎರಡು ಸಲ ಹೇಳಿಯಾಗಿದೆ. ಇಲ್ಲಿಗೆ ನಿಲ್ಲಿಸಲೇ, ಇವರ ಪರೀಕ್ಷೆಯೇ ಇವರಿಗೆ ಸುಳ್ಳು ಹೇಳಿ ಮನೆಗೆ ಕಳಿಸಲಿ, ಒಳಗೊಳಗೇ ಕರಗಲಿ — ಆದರೆ ಮಗು, ನಾಳೆ ಮತ್ತೆ ಯಾವ ಮಗು ಎಂದರೆ, ಬೇಡ, ಇವರು ಸೋಲುವುದನ್ನು ಈ ಕಣ್ಣು ನೋಡಬೇಕು, ಅಮ್ಮನ ಹಾಗೆಯೇ, ಎಂದೂ ಮಾಡದ ಕೆಲಸದಲ್ಲಿ, ಸುಳ್ಳಾಗಿ ಸೋಲಬೇಕು, ಅವಳ ಕೈ ಬೆರಕೆ ಕಾಳಿನ ತಟ್ಟೆಯನ್ನು ಮುಂದೆ ತಳ್ಳಿತು, ಬೇರೆ ಬೇರೆ ಮಾಡಿ ಸರ್. ಅಯ್ಯೋ, ಅಡುಗೆಮನೆ ಯಾವ ಕಡೆ ಇದೆ ಅಂತಾನೂ ಇವರಿಗೆ ಗೊತ್ತಿಲ್ಲ ತಾಯಿ ಎಂದರು ಹೆಂಡತಿ, ಗೊತ್ತು, ಅದಕ್ಕೇ. ಅವರು ತಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು, ಇದು ನಾನು ಯಾವತ್ತೂ ಮಾಡಿದ ಕೆಲಸ ಅಲ್ಲ, ಬರಲಿಲ್ಲ ಅಂದ್ರೆ ಬುದ್ಧಿ ಕೆಟ್ಟಿದೆ ಅಂತೀಯಾ, ಇದ್ಯಾವ ನ್ಯಾಯ? ನ್ಯಾಯ! ಆಹಾ, ಆ ಒಂದು ಮಾತು ಅಮ್ಮನ ಬಾಯಿಗೆ ಬರಲಿಲ್ಲ, ಇವರಿಗೆ ಎಷ್ಟು ಸಲೀಸು, ತಟ್ಟೆಯನ್ನು ಹಿಂದೆಳೆದಳು, ಆಗಲಿ, ನ್ಯಾಯವೇ ಆಗಲಿ, ಸುಳ್ಳು ಸೋಲನ್ನು ಇವರು ಒಂದು ಮಾತಿನಲ್ಲಿ ಕೊಡವಿಬಿಟ್ಟರು, ನಿಜದ ಸೋಲನ್ನು ಕೊಡವಲಿ ನೋಡೋಣ. ಇವರ ಕೈ ದಿನಾ ಏನು ಮಾಡುತ್ತಿತ್ತು ಅಮ್ಮಾ, ಹೆಂಡತಿಯನ್ನು ಕೇಳಿದಳು. ಅಂಗಿ ಒಂದನ್ನ ಯಾರ ಕೈಗೂ ಕೊಟ್ಟವರಲ್ಲ, ತಾವೇ ಇಸ್ತ್ರಿ, ತಾವೇ ಮಡಿಸೋದು, ನಾನು ಮುಟ್ಟಿದ್ರೂ ಮುನಿಸು.

ಕಪಾಟಿನಿಂದ ಒಂದು ಬಿಳಿ ಅಂಗಿ, ಒಂದು ತೋಳು ಮಾತ್ರ ಒಳಗುಹೊರಗು, ಸರಿಮಾಡಿ ಮಡಿಸಿ ಸರ್. ಇಷ್ಟೇನಾ ಎಂದು ಕೈ ತೂರಿಸಿದರು, ಮೊಣಕೈವರೆಗೆ ಹೋಯಿತು, ಅಲ್ಲಿ ನಿಂತಿತು, ಮುಂದೇನೆಂದು ಕೈಗೆ ತಿಳಿಯದು, ಎಳೆದರು, ಬಟ್ಟೆಯೂ ಜೊತೆಗೆ ಬಂತು, ಮತ್ತೆ ತೂರಿಸಿದರು, ಬಟ್ಟೆಯೊಳಗೆ ಬೆರಳುಗಳು ತಡಕುತ್ತಿವೆ, ಹೆಂಡತಿಯ ಕೈ ತಾನಾಗಿ ನೆರವಿಗೆ ಚಾಚಿತು, ಬೇಡಮ್ಮಾ ಎಂದಳು ಅವಳು, ಇನ್ನು ಕೇಳುವುದೇನೂ ಉಳಿದಿಲ್ಲ. ಕಳಿಸಬಹುದೇ ತಾಯಿ? ಎಷ್ಟು ವರ್ಷ ಹರಿತಗೊಳಿಸಿ ಇಟ್ಟುಕೊಂಡ ವಾಕ್ಯ, ಬೆನ್ನು ತಿರುಗಿಸಿ, ಕೈ ತೊಳೆಯುತ್ತ ಆಡಬೇಕೆಂದಿದ್ದ ವಾಕ್ಯ, ಎದುರಿಗೇ ಕುಳಿತು ಆಡಿದಳು, ಮಗುವನ್ನು ಇವರ ಕೈಗೆ ಕೊಡಬೇಡಿ, ಪ್ರತಿ ಅಕ್ಷರವೂ ನಿಜ, ಹೆಂಡತಿ ತುಟಿ ಕಚ್ಚಿದರು, ಡಾಕ್ಟರಿಗೆ ಕೇಳಿಸಿತೋ ಇಲ್ಲವೋ, ಈಗ ತಣ್ಣಗಾಗಬೇಕು ಒಡಲು, ಅಮ್ಮಾ ನೋಡು, ನೋಡಿದೆಯಾ — ತಣ್ಣಗಾಗುತ್ತಿಲ್ಲ, ಏಕೆ, ಎಷ್ಟು ಕಾದಿದ್ದೆ, ರೋಗವೇ ಕೊಟ್ಟ, ನಿಜವೇ ಆದ ಶಿಕ್ಷೆಯಲ್ಲಿ ನನ್ನ ಪಾಲೇನಿದೆ, ಅಮ್ಮಾ — ತೋಳೊಳಗೆ ಆ ಕೈ, ಬೇರೆ ಏನಾದರೂ ನೆನೆ, ತೊಟ್ಟಿಲು ನೆನೆ, ಬಾಗಿಲು ನೆನೆ — ತೋಳೊಳಗೆ ಆ ಕೈ, ಹೊರಬಾಯಿ ಕಾಣದೆ, ಬಿಳಿ ಬಟ್ಟೆಯೊಳಗೆ ಮೆಲ್ಲನೆ ಮಿಡುಕುತ್ತ, ಆ ಕೈ —

ಈ ಕಥೆ ಕೇಳಿದವರೆಲ್ಲರ ಕೈಗಳಿಗೂ ದಾರಿ ನೆನಪಿರಲಿ, ಅವರ ತೋಳುಗಳಿಂದ ಯಾರೂ ಕೂಸನ್ನು ಕಸಿಯದಿರಲಿ, ಶುಭವಾಗಲಿ.