ಜವರಮ್ಮನ ಬಣ್ಣ

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಜಯಪ್ರಕಾಶ್ ಮತ್ತು ಅರುಣಾ ದಂಪತಿಯ ಫೋಟೋ ಸ್ಟುಡಿಯೋ ಇದೆ. ಫೋಟೋ ತೆಗೆಯುವವನು ಅವನು. ತೆಗೆದದ್ದನ್ನು ಕಂಪ್ಯೂಟರಿನ ಮುಂದೆ ಕೂತು ತಿದ್ದಿ ಒಪ್ಪ ಮಾಡುವವಳು ಅವಳು. ಗೋಡೆಗೆ ಹಾಕುವಂಥ ದೊಡ್ಡ ಫೋಟೋ ಯಾರಾದರೂ ಕೇಳಿದರೆ ಮಾತ್ರ ಇಬ್ಬರೂ ಹೊರಗಿನವರ ಕೈ ಕಾಯಬೇಕಿತ್ತು. ಬೇರೆ ಊರಿನ ಲ್ಯಾಬಿಗೆ ಕಳಿಸಿದ ಚಿತ್ರ ಪಾರ್ಸೆಲ್ಲಿನಲ್ಲಿ ವಾಪಸು ಬರುವಾಗ ಮದುಮಗಳ ಕೆಂಪು ಸೀರೆ ಕಿತ್ತಳೆಯಾಗಿರುತ್ತಿತ್ತು, ಮುಖಗಳೆಲ್ಲ ಒಂದೇ ಡಬ್ಬಿಯ ಪೌಡರ್ ಬಳಿದುಕೊಂಡ ಹಾಗಿರುತ್ತಿದ್ದವು. ಹೋದ ವರ್ಷ ಆಲ್ದೂರು ಕಡೆಯ ಹುಡುಗಿಯೊಬ್ಬಳು ತನ್ನ ಮದುವೆ ಫೋಟೋ ಬಿಡಿಸಿ ನೋಡಿ, "ಅಕ್ಕಾ, ಇದು ನಮ್ಮದೇನಾ?" ಎಂದು ಮೆಲ್ಲಗೆ ಕೇಳಿದಳು. ಆವತ್ತಿನಿಂದ, ಸ್ವಂತಕ್ಕೊಂದು ದೊಡ್ಡ ಪ್ರಿಂಟರ್ ಆಗಲೇಬೇಕೆಂದು ಅರುಣಾ ಹಟ ಹಿಡಿದಳು.

ಜಯಪ್ರಕಾಶನೇನೂ ಬೇಡ ಎನ್ನಲಿಲ್ಲ. ಯಾವುದು ಎಂಬಲ್ಲಿ ಮಾತ್ರ ಹೊಂದಲಿಲ್ಲ. ನಾಲ್ಕೇ ಬಣ್ಣದ ಇಂಕ್ ಇದ್ದರೂ ಸರಿ, ಮದುವೆ ಸೀಸನ್ನಿನಲ್ಲಿ ಚಕಚಕ ಮುದ್ರಿಸಬೇಕು ಎಂದು ಅವನು. ನಿಧಾನವಾದರೂ ಸರಿ, ಕಪ್ಪಿಗೂ ಬೂದಿಗೂ ಬೇರೆ ಬೇರೆ ಇಂಕ್ ಇರುವಂಥದ್ದೇ ಬೇಕು ಎಂದು ಅವಳು. ಊಟಕ್ಕೆ ಕೂತರೂ ಇದೇ ಚರ್ಚೆ. ಕೊನೆಗೆ, ಚಿಕ್ಕಮಗಳೂರಿನ ಡೀಲರ್ ದಯಾನಂದನ ಹತ್ತಿರ ಎರಡೂ ಥರದವು ಇವೆ, ನಮ್ಮ ಫೋಟೋಗಳನ್ನೇ ಕೊಟ್ಟು ಮುದ್ರಿಸಿ ನೋಡೋಣ ಎಂದು ರಾಜಿಯಾಯಿತು.

ಹೊರಟ ದಿನ ವಸ್ತಾರೆ ಹತ್ತಿರ ಜಯಪ್ರಕಾಶ್ ಕಾರನ್ನು ಕಾಫಿ ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳ ಕಡೆಗೆ ತಿರುಗಿಸಿದ. ಅರುಣಾಳ ಅಪ್ಪ ಮಾರಯ್ಯ, ಅವ್ವ ಜವರಮ್ಮ ಇರುವುದು ಅಲ್ಲಿ.

"ಅತ್ತೆನೂ ಬರ್ಲಿ. ಹೊಸ ಯಂತ್ರ ತಗೊಳ್ಳುವಾಗ ಮನೆ ಹಿರಿಯರೊಬ್ರು ಜೊತೆಗಿರ್ಬೇಕು," ಎಂದ.

ಅತ್ತೆಯ ಕೈಯ ಅಕ್ಕಿ ರೊಟ್ಟಿಗಾಗಿ ಅವನು ಇಲ್ಲದ ಕೆಲಸ ಹುಡುಕಿಕೊಂಡು ವಸ್ತಾರೆಗೆ ಬರುತ್ತಾನೆಂದು ಅರುಣಾಗೆ ಗೊತ್ತಿತ್ತು. ಈ ಸಲ ಅದಕ್ಕಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ. ಜವರಮ್ಮ ಹಬ್ಬದ ಸೀರೆ ಉಟ್ಟು, ಮಾರಯ್ಯನಿಗೆ ಅನ್ನ ಸಾರು ಮುಚ್ಚಿಟ್ಟು ಬಂದು ಕಾರು ಹತ್ತಿದರು.

ದಯಾನಂದ ಕುರ್ಚಿ ಹಾಕಿಸಿ ಕಾಫಿ ತರಿಸಿದ. ಪೆನ್‌ಡ್ರೈವಿನಲ್ಲಿ ಅರುಣಾ ಹಾಕಿದ್ದು ಎರಡು ಚಿತ್ರ: ಮಂಜು ಕವಿದ ದೇವರಮನೆ ಹುಲ್ಲುಗಾವಲು, ಮತ್ತೊಂದು ಮದುವೆಯದು. ಕಂಪ್ಯೂಟರಿನಲ್ಲಿ ಮೂರನೆಯದೂ ಕಾಣಿಸಿತು. ಕಾಫಿ ಕೊಯ್ಲಿನ ಹೊತ್ತು, ಹಲಸಿನ ಮರದ ನೆರಳಿನಲ್ಲಿ ನಿಂತ ಜವರಮ್ಮ. ತಲೆಗೆ ಕಪ್ಪು ಬಟ್ಟೆ, ಸೊಂಟಕ್ಕೆ ಕಟ್ಟಿದ ಚೀಲದ ತುಂಬ ಹಣ್ಣು, ಯಾರದೋ ಮಾತಿಗೆ ಬಾಯ್ತುಂಬ ನಗು. ಅರುಣಾ ಗಂಡನ ಮುಖ ನೋಡಿದಳು.

"ಕಪ್ಪು ಬಟ್ಟೆ, ನೆರಳು, ಅತ್ತೆ ಬಣ್ಣ. ಇದೊಂದು ಸರಿಯಾಗಿ ಬಂದ್ರೆ ಮಿಕ್ಕಿದ್ದೆಲ್ಲ ಬಂದಂಗೆ," ಎಂದ ಅವನು, ಎತ್ತಲೋ ನೋಡುತ್ತ.

ದಯಾನಂದ ಯಾರೂ ಹೇಳದಿದ್ದರೂ ಅಭ್ಯಾಸಬಲದಿಂದ ಮುಖದ ಬಣ್ಣವನ್ನು ಒಂದಿಷ್ಟು ತಿಳಿ ಮಾಡಿ, ಬೇಗದ ಯಂತ್ರಕ್ಕೆ ಕೊಟ್ಟ. ಕಾಫಿ ಲೋಟ ಖಾಲಿಯಾಗುವಷ್ಟರಲ್ಲಿ ಚಿತ್ರ ಹೊರಬಂತು. ಜವರಮ್ಮ ಎದ್ದು ಹತ್ತಿರ ಹೋಗಿ ಅದನ್ನು ಎಷ್ಟೋ ಹೊತ್ತು ನೋಡಿದರು.

"ಚೆನ್ನಾಗ್ ಬಂದಿದೆ. ಇದೇ ಮಿಷನ್ನು ತಗೊಳಿ."

"ಅವ್ವಾ, ಇದು ನೀನಲ್ಲ."

"ಆಗ್ಲಿ ಬಿಡೇ. ಇಷ್ಟ್ ವರ್ಷ ನಾನಾಗೇ ಇದ್ದೆ. ಫೋಟೋದಲ್ಲಾದ್ರೂ ಒಂಚೂರು ಬೆಳ್ಳಗಿರ್ತೀನಿ."

ದಯಾನಂದ ನಕ್ಕ, ಜಯಪ್ರಕಾಶನೂ ನಕ್ಕ. ಅರುಣಾಗೆ ನಗು ಬರಲಿಲ್ಲ. ಅವ್ವನ ಬಣ್ಣವೇ ಅವಳದ್ದೂ. ತನ್ನದೇ ಮದುವೆ ಆಲ್ಬಮ್ಮಿನಲ್ಲಿ ಅವಳನ್ನು ಯಾರೋ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಮಾಡಿಟ್ಟಿದ್ದರು. ಆಗ ಜಯಪ್ರಕಾಶ್ ಆ ಫೋಟೋಗ್ರಾಫರನ ಹತ್ತಿರ ಹೋಗಿ, ನನ್ನ ಹೆಂಡತಿಯ ಫೋಟೋ ಕೊಡಿ ಎಂದು ಜಗಳವಾಡಿ ಬಂದಿದ್ದ. ಅವನು ಹೆಣ್ಣು ನೋಡಲು ಬಂದ ದಿನ ಅವಳು ಒಪ್ಪಿದ್ದು ಅಪ್ಪ ಅವ್ವ ಹೇಳಿದರೆಂದು. ಅವಳಿಗೆ ಅವನು ನಿಜವಾಗಿ ಹಿಡಿಸಿದ್ದು ಆ ಜಗಳದಿಂದ.

"ಏನೂ ತಿದ್ದದೆ, ಎರಡರಲ್ಲೂ ಒಂದೊಂದು ತೆಗೀರಿ," ಎಂದಳು.

ಬೇಗದ ಯಂತ್ರದಲ್ಲಿ ತಲೆಬಟ್ಟೆ, ಕೂದಲು, ಮರದ ನೆರಳು ಎಲ್ಲ ಸೇರಿ ಒಂದೇ ಕಪ್ಪು ಮುದ್ದೆಯಾಗಿ ಬಂತು. ನಿಧಾನದ ಯಂತ್ರ ಹೆಸರಿಗೆ ತಕ್ಕ ಹಾಗೆ ನಿಧಾನವಾಗಿಯೇ ಶುರುಮಾಡಿತು. ಕಾಗದ ಬೆರಳಗಲ, ಬೆರಳಗಲ ಜಾರುತ್ತಿತ್ತು. ಮೊದಲು ಹಲಸಿನ ಎಲೆ, ಆಮೇಲೆ ತಲೆಬಟ್ಟೆಯ ಮಡಿಕೆ, ಆಮೇಲೆ ಹಣೆ. ನಾಲ್ವರೂ ಬಗ್ಗಿ ನಿಂತುಬಿಟ್ಟರು. ಕಿವಿಯ ಪಕ್ಕ ಇಳಿದ ಬೆವರು ಬಂತು, ಮೂಗುಬೊಟ್ಟಿನ ಮಿಣುಕು ಬಂತು. ನೆರಳು ಬಿದ್ದ ಕೆನ್ನೆ ನೆರಳಿನಲ್ಲಿ ಕಳೆದುಹೋಗದೆ ಕೆನ್ನೆಯಾಗಿಯೇ ಉಳಿದಿತ್ತು.

ಜಯಪ್ರಕಾಶ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಹಿಡಿದು ನೋಡಿದ. ಆಮೇಲೆ, "ಇದೇ ಆಗ್ಲಿ," ಎಂದ.

"ಸೀಸನ್ನಲ್ಲಿ ಕೆಲ್ಸ ನಿಲ್ಲುತ್ತೆ ಅಂತಿದ್ರಿ?"

"ನಿಲ್ಲಲ್ಲ ಮಾರಾಯ್ತಿ, ನಿಧಾನ ಆಗುತ್ತೆ. ಕೇಳೋರಿಗೆ ನಾನ್ ಹೇಳ್ಕೊಳ್ತೀನಿ."

ಹಾಗೆಂದವನು ಜೇಬಿನಿಂದ ಟೇಪ್ ತೆಗೆದು, ಯಂತ್ರ ತಮ್ಮ ಸ್ಟುಡಿಯೋದ ಮೆಟ್ಟಿಲ ತಿರುವಿನಲ್ಲಿ ಹಿಡಿಸುತ್ತದೆಯೇ ಎಂದು ಅಳೆಯತೊಡಗಿದ. ದಯಾನಂದ ಒಂದು ಮಾತು ಮುಚ್ಚಿಡಲಿಲ್ಲ. "ಇದನ್ನ ಸುಮ್ನೆ ನಿಲ್ಸೋ ಹಾಗಿಲ್ಲ. ಇಂಕ್ ಬರೋ ತೂತುಗಳು ಕೂದಲಿಗಿಂತ ಸಣ್ಣ, ಒಣಗಿ ಕಟ್ಕೊಳ್ತವೆ. ದಿನಕ್ಕೊಂದು ಪ್ರಿಂಟಾದ್ರೂ ತೆಗೀತಿರಿ."

ಆಷಾಢದಲ್ಲಿ ಮದುವೆಗಳಿಲ್ಲ, ಗಿರಾಕಿ ಇಲ್ಲ. ದಿನಾ ಏನನ್ನು ಮುದ್ರಿಸುವುದು ಎಂಬ ಚಿಂತೆ ಅರುಣಾಗೆ ಹತ್ತಿತು. ಆದರೂ ಯಂತ್ರ ಅದೇ ಎಂದು ಗಟ್ಟಿಯಾಯಿತು. ಹೊರಡುವಾಗ ಜವರಮ್ಮ ಬೆಳ್ಳಗಿನ ಚಿತ್ರವನ್ನು ತಾವೇ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಅಂಗಡಿಗೆ ಅದು. ಮನೆಗೆ ಇದು."

ಮನೆಯಲ್ಲಿ ಮಾರಯ್ಯ ಆ ಸುರುಳಿ ಬಿಚ್ಚಿ ನೋಡಿದರು. "ಯಾರಿದು?"

"ಕಾಣಲ್ವಾ? ನಾನೇ."

"ಹೌದಾ. ಯಾವ್ದೋ ಟೀಚರಮ್ಮ ಅಂದ್ಕೊಂಡೆ."

ಅರುಣಾ ಕಾರಿನಿಂದ ಇನ್ನೊಂದನ್ನು ತಂದು ಬಿಚ್ಚಿದಳು. ಮಾರಯ್ಯ ಕೈಯನ್ನು ಪಂಚೆಗೆ ಒರೆಸಿಕೊಂಡು ಅದರ ಅಂಚು ಹಿಡಿದು, ಬಾಗಿಲ ಬೆಳಕಿಗೆ ತಿರುಗಿಸಿದರು.

"ಇದು ನಂಗಿರ್ಲಿ," ಎಂದರು.

"ಆ ಕರೀದಾ?" ಎಂದರು ಜವರಮ್ಮ.

"ನಂಗೆ ಗೊತ್ತಿರೋದು ಇವಳೇ."

ಜವರಮ್ಮ ಟೀಗೆ ನೀರಿಡುತ್ತೇನೆಂದು ಒಳಗೆ ಹೋದರು. ಟೀ ಮಾತ್ರ ಬಹಳ ಹೊತ್ತು ಬರಲಿಲ್ಲ. ಅರುಣಾ ಏಳಹೋದಳು, ಜಯಪ್ರಕಾಶ್ ಅವಳ ಕೈ ಹಿಡಿದು ಕೂರಿಸಿದ.

ಮಾರಯ್ಯ ಇಟ್ಟುಕೊಂಡ ಚಿತ್ರ ಮನೆಯ ಗೋಡೆಗೆ ಬಂದ ಮೇಲೆ ಲೈನಿನ ಹೆಂಗಸರು ಒಬ್ಬೊಬ್ಬರೇ ಬಂದು ನೋಡಿದರು. ತಮಗೂ ಅಂಥದ್ದೊಂದು ಬೇಕೆಂದರು. ಆಷಾಢಕ್ಕೆ ಕೆಲಸ ಸಿಕ್ಕಿತು: ದಿನಕ್ಕೊಬ್ಬರ ಹಾಗೆ, ದುಡ್ಡಿನ ಮಾತಿಲ್ಲದೆ, ಯಂತ್ರದ ಇಂಕ್ ಕಟ್ಟದಿರಲೆಂಬ ನೆಪದಲ್ಲಿ. ಬೆಳ್ಳಗಿನ ಚಿತ್ರವನ್ನೂ ಜವರಮ್ಮ ಬಿಟ್ಟುಕೊಡಲಿಲ್ಲ. ಬೀರು ಬಾಗಿಲಿನ ಒಳಮೈಗೆ ಅಂಟಿಸಿಕೊಂಡರು.

ಒಂದು ಭಾನುವಾರ ಜೋರು ಮಳೆಯಲ್ಲೇ ಅವರು ಮಾರಯ್ಯನನ್ನು ಫೋಟೋ ತೆಗೆಸಲೆಂದು ಮೂಡಿಗೆರೆಗೆ ಕರೆತಂದರು. ಸ್ಟೂಲಿನ ಮೇಲೆ ಕೂತ ಮಾರಯ್ಯ ಲಾಠಿ ನುಂಗಿದವರ ಹಾಗೆ ಬಿಗಿದುಕೊಂಡರು. ಜವರಮ್ಮ ಬಂದು ಅವರ ಅಂಗಿಯ ಮೇಲಿನ ಗುಂಡಿ ಹಾಕಿ, ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿ, ಅದೇನನ್ನೋ ಕಿವಿಯಲ್ಲಿ ಹೇಳಿದರು. ಮಾರಯ್ಯ ತಲೆ ತಗ್ಗಿಸಿ ನಕ್ಕರು.

"ಅವ್ವಾ, ಪಕ್ಕಕ್ಕೆ ಬಾ, ಫೋಟೋದಲ್ಲಿ ಬರ್ತೀಯ," ಎಂದಳು ಅರುಣಾ.

"ಬೇಡ, ಅಲ್ಲೇ ಇರಿ ಅತ್ತೆ," ಎಂದು ಜಯಪ್ರಕಾಶ್ ಕ್ಲಿಕ್ ಮಾಡಿದ.